ಅವರಿಗೆ ರೇಶನ್ ಯಾರು ಕಳಿಸುತ್ತಿದ್ದರು?

2021ರ ಆಗಸ್ಟ್ 15, ಭಾನುವಾರ. ಪುಣೆಯ ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡೇ ಧ್ವಜವಂದನೆ ಮುಗಿಸಿ, ದೂರದೂರ ನಿಂತು ಜಿಲೇಬಿ ತಿಂದು ಮನೆಗೆ ಬಂದಿದ್ದೆವು. ಸಂಜೆ ಟಿವಿ ಹಾಕಿದರೆ ಕಾಬೂಲ್. ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟು ಹೋಗಿದ್ದರು. ಅವರ ಅರಮನೆಯ ಮೇಜಿನ ಸುತ್ತ ಬಂದೂಕು ಹಿಡಿದ ತಾಲಿಬಾನಿಗಳು ಕುಳಿತಿದ್ದರು.

ರಾತ್ರಿ ಊಟವಾದ ಮೇಲೆ ಕೆಳಗೆ ನಾಲ್ಕು ಹೆಜ್ಜೆ ಹಾಕಲು ಇಳಿದಾಗ ನಮ್ಮ ನಡುವೆ ಇದೇ ಮಾತು. ಮೂರು ಲಕ್ಷ ಜನರ ಸೈನ್ಯ, ಅಮೆರಿಕದ ತರಬೇತಿ, ಅಮೆರಿಕದ ಬಂದೂಕು, ಹೆಲಿಕಾಪ್ಟರು. ಇಪ್ಪತ್ತು ವರ್ಷ ಕಟ್ಟಿದ್ದು ಹತ್ತು ದಿನದಲ್ಲಿ ಹೇಗೆ ಕರಗಿತು? ಒಬ್ಬರು ಹೇಡಿತನ ಅಂದರು, ಇನ್ನೊಬ್ಬರು ಲಂಚ ಅಂದರು, ಮತ್ತೊಬ್ಬರು ಎಲ್ಲ ಮೊದಲೇ ಮಾತಾಡಿಕೊಂಡದ್ದು ಅಂದರು. ನಮ್ಮ ಕೆಳಗಿನ ಮನೆಯ ನಿವೃತ್ತ ಸುಬೇದಾರರು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಬೆಳಗಾವಿ ಕಡೆಯವರು, ಸೇನೆಯಲ್ಲಿ ಇದ್ದಷ್ಟು ಕಾಲವೂ ಪೂರೈಕೆ ವಿಭಾಗದಲ್ಲಿ, ಅಂದರೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ ದುಡಿದವರು. ಎಲ್ಲರ ಮಾತು ಮುಗಿದ ಮೇಲೆ ಮೆಲ್ಲಗೆ ಕೇಳಿದರು:

"ಅದೆಲ್ಲಾ ಇರ್ಲಿ ಬಿಡ್ರಿ. ಅವ್ರಿಗೆ ರೇಶನ್ ಯಾರ ಕಳಸ್ತಿದ್ರು? ಗಾಡಿ ಕೆಟ್ರ ಯಾರ ರಿಪೇರಿ ಮಾಡ್ತಿದ್ರು?"

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಆಮೇಲೆ ಬಂದ ತನಿಖಾ ವರದಿಗಳನ್ನೂ ಅಲ್ಲಿದ್ದವರು ಬರೆದದ್ದನ್ನೂ ಓದುತ್ತಾ ಹೋದಂತೆ, ಇಡೀ ದುರಂತದ ಬೀಗದ ಕೈ ಸುಬೇದಾರರ ಆ ಎರಡು ಸಾಲಿನಲ್ಲೇ ಇದೆ ಅನ್ನಿಸತೊಡಗಿತು.

ಭಾರತ ಹಾಕಿದ ರಸ್ತೆಯ ತುದಿಯಲ್ಲಿ

ಆ ಹತ್ತು ದಿನಗಳ ಲೆಕ್ಕ ಶುರುವಾಗುವುದು ಜರಂಜ್ ಎಂಬ ಊರಿನಿಂದ. ಇರಾನ್ ಗಡಿಗೆ ಅಂಟಿಕೊಂಡ, ನಿಮ್ರೋಜ್ ಪ್ರಾಂತ್ಯದ ರಾಜಧಾನಿ. ನಮಗೂ ಈ ಊರಿಗೂ ಒಂದು ನಂಟಿದೆ. ಜರಂಜ್‌ನಿಂದ ದೆಲಾರಾಮ್‌ವರೆಗಿನ ಸುಮಾರು 218 ಕಿಲೋಮೀಟರ್ ಹೆದ್ದಾರಿಯನ್ನು ಕಟ್ಟಿದ್ದು ಭಾರತದ ಬಾರ್ಡರ್ ರೋಡ್ಸ್ ಸಂಸ್ಥೆ. ದಾಳಿಗಳ ನಡುವೆ ನಡೆದ ಆ ಕೆಲಸದಲ್ಲಿ ಭಾರತೀಯರೂ ಆಫ್ಘನ್ನರೂ ಪ್ರಾಣ ತೆತ್ತರು. 2009ರ ಜನವರಿಯಲ್ಲಿ ರಸ್ತೆಯನ್ನು ಆಫ್ಘನ್ ಸರ್ಕಾರಕ್ಕೆ ಒಪ್ಪಿಸಲಾಯಿತು.

2021ರ ಆಗಸ್ಟ್ 6ರಂದು ಜರಂಜ್ ತಾಲಿಬಾನ್ ವಶವಾಯಿತು. ಆ ಬೇಸಿಗೆಯ ಯುದ್ಧದಲ್ಲಿ ಬಿದ್ದ ಮೊದಲ ಪ್ರಾಂತೀಯ ರಾಜಧಾನಿ ಅದು. ಅಲ್ಲಿ ಹೇಳಿಕೊಳ್ಳುವಂಥ ಕಾಳಗವೇ ನಡೆಯಲಿಲ್ಲ. ಮರುದಿನ ಶೆಬರ್‌ಗಾನ್, ಅದರ ಮರುದಿನ ಕುಂದೂಜ್ ಸೇರಿದಂತೆ ಮೂರು ಊರು. ವಾರ ಕಳೆಯುವುದರೊಳಗೆ ಹೆರಾತ್ ಮತ್ತು ಕಂದಹಾರ್, 14ಕ್ಕೆ ಮಜಾರ್-ಎ-ಶರೀಫ್, 15ಕ್ಕೆ ಕಾಬೂಲ್.

ಇದಕ್ಕೆ ಒಂದು ತಿಂಗಳ ಹಿಂದೆ, ಜುಲೈ 8ರಂದು, ಅಮೆರಿಕದ ಅಧ್ಯಕ್ಷ ಜೋ ಬೈಡನ್ ಲೆಕ್ಕ ಕೊಟ್ಟಿದ್ದರು. ಆಫ್ಘನ್ ಪಡೆಯಲ್ಲಿ ಮೂರು ಲಕ್ಷ ಜನ, ಒಳ್ಳೆಯ ಶಸ್ತ್ರ, ಜೊತೆಗೆ ವಾಯುಪಡೆ. ಎದುರಿಗೆ ಸುಮಾರು 75,000 ತಾಲಿಬಾನಿಗಳು. ಕಾಗದದ ಮೇಲೆ ಇದು ಸರಿಯಾದ ಲೆಕ್ಕವೇ. 2001ರ ನಂತರ ಆಫ್ಘನ್ ಸೇನೆ ಮತ್ತು ಪೊಲೀಸ್ ಕಟ್ಟಲು ಅಮೆರಿಕ 8,000 ಕೋಟಿ ಡಾಲರಿಗೂ ಹೆಚ್ಚು ಸುರಿದಿತ್ತು. ಇಷ್ಟಾದ ಮೇಲೂ ಆ ಸೇನೆ ಒಂಟಿಯಾಗಿ ನಿಲ್ಲಲಿಲ್ಲ ಎಂದರೆ, ಲೆಕ್ಕದಲ್ಲಿ ಏನೋ ಬಿಟ್ಟುಹೋಗಿತ್ತು ಎಂದೇ ಅರ್ಥ.

ಮೊದಲು ಒಂದು ಅಪವಾದವನ್ನು ತೆಗೆದುಹಾಕೋಣ

ಆಫ್ಘನ್ ಸೈನಿಕ ಹೇಡಿ, ಅವನು ಹೋರಾಡಲೇ ಇಲ್ಲ ಎಂಬ ಮಾತು ಆ ದಿನಗಳಲ್ಲಿ ಎಲ್ಲ ಕಡೆ ಕೇಳಿಬಂತು. ಕಾಬೂಲ್ ಬಿದ್ದ ಮರುದಿನ ಬೈಡನ್ ಕೂಡ ಹೆಚ್ಚುಕಡಿಮೆ ಅದೇ ಅರ್ಥದಲ್ಲಿ ಮಾತಾಡಿದರು. ಆದರೆ ಸಾವಿನ ಲೆಕ್ಕ ಬೇರೆಯೇ ಹೇಳುತ್ತದೆ. 2014ರ ಸೆಪ್ಟೆಂಬರಿನಲ್ಲಿ ತಾವು ಅಧಿಕಾರಕ್ಕೆ ಬಂದ ಮೇಲೆ 45,000 ಭದ್ರತಾ ಸಿಬ್ಬಂದಿ ಸತ್ತಿದ್ದಾರೆ ಎಂದು ಘನಿ 2019ರ ಜನವರಿಯಲ್ಲಿ ಬಹಿರಂಗವಾಗಿ ಹೇಳಿದ್ದರು. ಇಪ್ಪತ್ತು ವರ್ಷಗಳಲ್ಲಿ ಸತ್ತ ಆಫ್ಘನ್ ಸೈನಿಕರು ಮತ್ತು ಪೊಲೀಸರ ಒಟ್ಟು ಸಂಖ್ಯೆ ಸುಮಾರು 66,000 ಎಂಬ ಅಂದಾಜಿದೆ. ಅದೇ ಅವಧಿಯಲ್ಲಿ ಅಲ್ಲಿ ಸತ್ತ ಅಮೆರಿಕನ್ ಸೈನಿಕರು 2,400ಕ್ಕಿಂತ ಸ್ವಲ್ಪ ಹೆಚ್ಚು. ಇಷ್ಟು ಹೆಣ ಹೊತ್ತ ಸೈನ್ಯವನ್ನು ಹೇಡಿ ಎನ್ನುವುದು ನ್ಯಾಯವಲ್ಲ.

2021ರ ಜೂನ್ 16ರಂದು ಫರ್ಯಾಬ್ ಪ್ರಾಂತ್ಯದ ದೌಲತಾಬಾದ್‌ನಲ್ಲಿ ನಡೆದದ್ದನ್ನು ನೋಡಿ. ಊರನ್ನು ಮರಳಿ ಪಡೆಯಲು ಹೋದ ಕಮಾಂಡೋ ತಂಡ ಸುತ್ತುವರಿಯಲ್ಪಟ್ಟಿತು. ಬೆಂಬಲಕ್ಕೆ ಬರಬೇಕಾದ ಪಡೆಯಾಗಲಿ ವಿಮಾನವಾಗಲಿ ಬರಲಿಲ್ಲ. ಮದ್ದುಗುಂಡು ಮುಗಿಯಿತು. ಕೈ ಎತ್ತಿ ಹೊರಬಂದ 22 ಮಂದಿಯನ್ನು ಗುಂಡಿಟ್ಟು ಕೊಂದರು, ಅದರ ವಿಡಿಯೋ ಊರೂರಿಗೆ ಹರಡಿತು. ಇವರು ದೇಶದ ಅತ್ಯುತ್ತಮ ತರಬೇತಿ ಪಡೆದ ಯೋಧರು. ಗುಂಡು ಹೊಡೆಯುವುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಅವರನ್ನು ಕೊಂದದ್ದು ತರಬೇತಿಯ ಕೊರತೆಯಲ್ಲ, ಕರೆದಾಗ ಯಾರೂ ಬಾರದೇ ಹೋದದ್ದು.

ಅದಾಗಿ ಸರಿಯಾಗಿ ಒಂದು ತಿಂಗಳಿಗೆ ನಮ್ಮ ದೆಹಲಿಯ ಛಾಯಾಪತ್ರಕರ್ತ ದಾನಿಶ್ ಸಿದ್ದಿಕಿ ಇಂಥದೇ ವಿಶೇಷ ಪಡೆಯ ಜೊತೆಗಿದ್ದಾಗ ಸ್ಪಿನ್ ಬೋಲ್ಡಕ್‌ನಲ್ಲಿ ಪ್ರಾಣ ಕಳೆದುಕೊಂಡರು. ಅದಕ್ಕೆ ಮೂರು ದಿನ ಮೊದಲು ಅವರು ಕಳಿಸಿದ ಚಿತ್ರಗಳಲ್ಲಿ, ಕಂದಹಾರ್ ಹೊರವಲಯದಲ್ಲಿ ಸಿಕ್ಕಿಬಿದ್ದ ಒಬ್ಬ ಪೊಲೀಸನನ್ನು ಬಿಡಿಸಲು ಈ ಸೈನಿಕರು ಗುಂಡಿನ ಮಳೆಯಲ್ಲಿ ಹೋಗುವುದಿದೆ. ಹೋರಾಡುವವರು ಕೊನೆಯವರೆಗೂ ಹೋರಾಡುತ್ತಿದ್ದರು. ಆದರೆ ಆ ಕೆಲವೇ ಸಾವಿರ ಜನರನ್ನು ಬೆಂಕಿ ಬಿದ್ದ ಕಡೆಗೆಲ್ಲ ಓಡಿಸಿ ಓಡಿಸಿ ಸೋಲಿಸಲಾಗಿತ್ತು.

ಆಲೂಗಡ್ಡೆಯ ಪೆಟ್ಟಿಗೆ

ಈಗ ಸುಬೇದಾರರ ಪ್ರಶ್ನೆಗೆ ಬರೋಣ.

ಆ ಆಗಸ್ಟಿನಲ್ಲಿ ಕಂದಹಾರ್‌ನ ಮುಂಚೂಣಿಯಿಂದ ಬಂದ ಒಂದು ಪತ್ರಿಕಾ ವರದಿಯನ್ನು ಮರೆಯಲಾಗದು. ಒಂದು ಪೊಲೀಸ್ ತಂಡಕ್ಕೆ ಇಡೀ ದಿನದ ಊಟವೆಂದು ಬಂದದ್ದು ಕೊಳೆತು ಲೋಳೆಯಾದ ಆಲೂಗಡ್ಡೆಯ ಒಂದು ರಟ್ಟಿನ ಪೆಟ್ಟಿಗೆ. ಬೇರೇನೂ ಬಂದಿರಲಿಲ್ಲ. ಇದನ್ನು ತಿಂದು ಯಾರೂ ಗಡಿ ಕಾಯಲಾರರು ಎಂದು ಅಲ್ಲಿದ್ದವನೊಬ್ಬ ಕೂಗಾಡಿದ್ದ. ಕೆಲವೇ ದಿನಗಳಲ್ಲಿ ಆ ಸಾಲು ಕುಸಿಯಿತು. ಹಲವು ಕಡೆ ಪೊಲೀಸರಿಗೆ ತಿಂಗಳುಗಟ್ಟಲೆ ಸಂಬಳವೂ ಬಂದಿರಲಿಲ್ಲ.

ಹಾಗಾದರೆ ಅಷ್ಟು ದುಡ್ಡು ಎಲ್ಲಿ ಹೋಯಿತು? ಸ್ವಲ್ಪ ಭಾಗ ಇಲ್ಲದ ಸೈನಿಕರ ಹೊಟ್ಟೆಗೆ ಹೋಯಿತು. ಹಾಜರಿ ಪುಸ್ತಕದಲ್ಲಿ ಮಾತ್ರ ಇರುವ, ಸಂಬಳ ಮಾತ್ರ ಎಣಿಸುವ ಹೆಸರುಗಳನ್ನು ಅಲ್ಲಿ 'ದೆವ್ವದ ಸೈನಿಕರು' ಎನ್ನುತ್ತಿದ್ದರು. ಸತ್ತವನ, ಓಡಿಹೋದವನ, ಹುಟ್ಟಿಯೇ ಇರದವನ ಸಂಬಳ ಮೇಲಿನ ಅಧಿಕಾರಿಯ ಜೇಬಿಗೆ. ಘನಿ ಸರ್ಕಾರದ ಕೊನೆಯ ದಿನಗಳವರೆಗೆ ಹಣಕಾಸು ಸಚಿವರಾಗಿದ್ದ ಖಾಲಿದ್ ಪಾಯೆಂದಾ ಆಮೇಲೆ ಹೇಳಿದ ಪ್ರಕಾರ, ಆ ಮೂರು ಲಕ್ಷದಲ್ಲಿ ಬಹುಪಾಲು ಜನ ಇರಲೇ ಇಲ್ಲ. ಇದು ಆಫ್ಘನ್ನರಿಗೇ ಅಂಟಿದ ರೋಗವೂ ಅಲ್ಲ. 2014ರ ಜೂನಿನಲ್ಲಿ ಇರಾಕಿನ ಮೊಸುಲ್ ನಗರ ಕೆಲವೇ ಸಾವಿರ ಐಸಿಸ್ ಉಗ್ರರ ಎದುರು ಬಿದ್ದಾಗ ಅಲ್ಲಿನ ಸೇನೆಯೂ ಅಮೆರಿಕವೇ ಕಟ್ಟಿದ್ದು. ಆ ವರ್ಷದ ಕೊನೆಯಲ್ಲಿ ಪ್ರಧಾನಿ ಹೈದರ್ ಅಲ್ ಅಬಾದಿ ಸೇನೆಯ ಪಟ್ಟಿಯಲ್ಲಿ 50,000 ಸುಳ್ಳು ಹೆಸರುಗಳಿವೆ ಎಂದು ತಮ್ಮ ಸಂಸತ್ತಿಗೆ ತಿಳಿಸಿದರು.

ಇದನ್ನು ಬರೀ ಲಂಚಗುಳಿತನ ಎಂದು ತಳ್ಳಿಹಾಕಿದರೆ ಮೂಲ ಸಿಗುವುದಿಲ್ಲ. ಆಫ್ಘನ್ ಸರ್ಕಾರದ ಒಟ್ಟು ಖರ್ಚಿನ ನಾಲ್ಕರಲ್ಲಿ ಮೂರು ಪಾಲು ಹೊರದೇಶಗಳ ನೆರವಿನಿಂದ ಬರುತ್ತಿತ್ತು. ಸೇನೆಯ ಸಂಬಳವನ್ನು ಸ್ವಂತ ಜನರ ತೆರಿಗೆಯಿಂದ ಕೊಡುವ ದೇಶದಲ್ಲಿ, ಸುಳ್ಳು ಹೆಸರು ಬರೆದರೆ ಲೆಕ್ಕ ಕೇಳುವವರು ಯಾರಾದರೂ ಇರುತ್ತಾರೆ. ದುಡ್ಡು ವಾಷಿಂಗ್ಟನ್ನಿನಿಂದ ಬರುವಾಗ, ಕಾಬೂಲಿನ ಅಧಿಕಾರಿ ಲೆಕ್ಕ ಒಪ್ಪಿಸುತ್ತಿದ್ದದ್ದು ತನ್ನ ಜನರಿಗಲ್ಲ, ಅಮೆರಿಕದ ಕಚೇರಿಗೆ. ಆ ಕಚೇರಿಯೂ ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು, ಎಷ್ಟು ಬಂದೂಕು ಹಂಚಿದೆವು ಎಂದು ಎಣಿಸುತ್ತಿತ್ತು. ವರ್ಷಕ್ಕೆ ಸುಮಾರು ಕಾಲುಭಾಗ ಸೈನಿಕರು ಬಿಟ್ಟುಹೋಗುತ್ತಿದ್ದರೂ ಹೊಸಬರನ್ನು ತಂದು ಸಂಖ್ಯೆ ಸರಿಮಾಡಲಾಗುತ್ತಿತ್ತು.

ಸಮವಸ್ತ್ರದ ಕತೆಯನ್ನೂ ಕೇಳಿ. ಆಫ್ಘಾನಿಸ್ತಾನದಲ್ಲಿ ಕಾಡಿರುವುದು ಶೇಕಡಾ 2ರಷ್ಟು ನೆಲದಲ್ಲಿ. ಉಳಿದದ್ದು ಬೆಟ್ಟ, ಬಯಲು, ಮರಳು. ಆದರೆ ಆಗಿನ ರಕ್ಷಣಾ ಸಚಿವರು ಅಂತರ್ಜಾಲದಲ್ಲಿ ಕಂಡ ದಟ್ಟ ಕಾಡಿನ ಹಸಿರು ವಿನ್ಯಾಸವನ್ನು ಮೆಚ್ಚಿಕೊಂಡರು ಎಂದು ಅದನ್ನೇ ಹೊಲಿಸಲಾಯಿತು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರೇ 2017ರಲ್ಲಿ ಇದನ್ನು ಬಯಲಿಗೆ ತಂದರು. ಹೆಚ್ಚುವರಿ ಖರ್ಚು 2.8 ಕೋಟಿ ಡಾಲರ್‌ವರೆಗೆ. ಹಾಕಿಕೊಳ್ಳುವ ಸಿಪಾಯಿಯನ್ನು ಯಾರೂ ಕೇಳಿರಲಿಲ್ಲ.

ಹೆಲಿಕಾಪ್ಟರ್ ಬದಲಾದಾಗ

ಆಫ್ಘಾನಿಸ್ತಾನದಲ್ಲಿ ಸೇನೆಯ ಸಾವಿರಾರು ಸಣ್ಣ ಚೌಕಿಗಳು ಬೆಟ್ಟಬಯಲುಗಳಲ್ಲಿ ಚದುರಿಹೋಗಿದ್ದವು. ಒಂದೊಂದರಲ್ಲಿ ಹತ್ತೋ ಇಪ್ಪತ್ತೋ ಜನ. ರಸ್ತೆಗಳು ತಾಲಿಬಾನ್ ಹಿಡಿತದಲ್ಲಿ. ಅಲ್ಲಿಗೆ ಊಟ, ನೀರು, ಮದ್ದುಗುಂಡು ಹೋಗಬೇಕಾದದ್ದೂ ಗಾಯಾಳು ಆಸ್ಪತ್ರೆಗೆ ಬರಬೇಕಾದದ್ದೂ ಆಕಾಶದಿಂದಲೇ. ಹಾಗಾಗಿ ಅಲ್ಲಿ ಹೆಲಿಕಾಪ್ಟರ್ ಎಂದರೆ ಶಸ್ತ್ರಕ್ಕಿಂತ ಹೆಚ್ಚಾಗಿ ಅಡುಗೆಮನೆ ಮತ್ತು ಆಂಬುಲೆನ್ಸ್.

ಆಫ್ಘನ್ನರು ದಶಕಗಳಿಂದ ಬಲ್ಲ ಹೆಲಿಕಾಪ್ಟರ್ ರಷ್ಯಾದ ಎಂಐ-17. ಅದು ಗಟ್ಟಿ, ಎತ್ತರದ ಬೆಟ್ಟಗಳಿಗೆ ಒಗ್ಗುತ್ತದೆ, ಹೆಚ್ಚು ಭಾರ ಹೊರುತ್ತದೆ. ಅದರ ರಿಪೇರಿಯ ಬಹುಪಾಲು ಕೆಲಸವನ್ನು ಅವರ ಮೆಕ್ಯಾನಿಕ್‌ಗಳೇ ಮಾಡುತ್ತಿದ್ದರು. ಆದರೆ 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿದ ಮೇಲೆ ಅಮೆರಿಕದ ದುಡ್ಡಿನಲ್ಲಿ ರಷ್ಯಾದ ಯಂತ್ರ ಕೊಳ್ಳುವುದು ಅಲ್ಲಿನ ಸಂಸತ್ತಿಗೆ ಒಪ್ಪಿಗೆಯಾಗಲಿಲ್ಲ. ಬದಲಿಗೆ 2017ರಿಂದ ಅಮೆರಿಕದ ಬ್ಲ್ಯಾಕ್ ಹಾಕ್ ಬಂತು. ಅದೂ ಒಳ್ಳೆಯ ಯಂತ್ರವೇ. ಆದರೆ ಅದರ ನಿರ್ವಹಣೆ ಪೂರ್ತಿ ವಿದೇಶಿ ಗುತ್ತಿಗೆದಾರರ ಕೈಯಲ್ಲಿ. ಆಫ್ಘನ್ನರು ಕಲಿಯಲಾರದವರು ಎಂದಲ್ಲ, ಕಲಿಯಲು ಇನ್ನೂ ಹಲವು ವರ್ಷ ಬೇಕಿತ್ತು.

2021ರ ಏಪ್ರಿಲ್ 14ರಂದು ಬೈಡನ್ ಸೇನೆಯನ್ನು ಪೂರ್ತಿ ಹಿಂತೆಗೆಯುವುದಾಗಿ ಘೋಷಿಸಿದರು. ಸೈನಿಕರ ಜೊತೆ ಗುತ್ತಿಗೆದಾರರೂ ಹೊರಟರು. ಗುತ್ತಿಗೆದಾರರು ಹೋದರೆ ಆಫ್ಘನ್ ವಾಯುಪಡೆಯ ಯಾವ ವಿಮಾನವೂ ಕೆಲವು ತಿಂಗಳಿಗಿಂತ ಹೆಚ್ಚು ಯುದ್ಧಕ್ಕೆ ಸಿದ್ಧವಾಗಿರದು ಎಂದು ಅಮೆರಿಕದ ಸೇನೆಯೇ ಆ ವರ್ಷದ ಆರಂಭದಲ್ಲಿ ಅಂದಾಜು ಮಾಡಿತ್ತು. ಗೊತ್ತಿದ್ದೂ ಹೋದರು. ಆಮೇಲೆ ಆಫ್ಘನ್ ಮೆಕ್ಯಾನಿಕ್‌ಗಳು ಝೂಮ್ ಕರೆಯಲ್ಲಿ ದೂರದ ತಜ್ಞರನ್ನು ಕೇಳಿಕೊಂಡು ರಿಪೇರಿ ಮಾಡುವ ಏರ್ಪಾಟಾಯಿತು. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ನಾವೆಲ್ಲ ಝೂಮ್‌ನಲ್ಲಿ ಪಟ್ಟ ಪಾಡು ನೆನೆದರೆ, ಯುದ್ಧದ ಮಧ್ಯೆ ಹೆಲಿಕಾಪ್ಟರಿನ ಇಂಜಿನ್ ಬಿಚ್ಚಿಟ್ಟುಕೊಂಡು ಫೋನಿನಲ್ಲಿ ಸಲಹೆ ಕೇಳುವವನ ಸ್ಥಿತಿ ಊಹಿಸಬಹುದು. ಹೆಲ್ಮಂಡ್‌ನಲ್ಲಿ ಕೊನೆಯವರೆಗೆ ಕಾದಾಡಿದ ಜನರಲ್ ಸಮಿ ಸಾದತ್ ಆಮೇಲೆ ಬರೆದರು: ಗುತ್ತಿಗೆದಾರರು ಹೋಗುವಾಗ ತಮ್ಮ ಸಾಫ್ಟ್‌ವೇರನ್ನೂ ಕೆಲವು ಶಸ್ತ್ರ ವ್ಯವಸ್ಥೆಗಳನ್ನೂ ಜೊತೆಗೇ ಕೊಂಡೊಯ್ದರು.

ಜುಲೈ ಮೊದಲ ವಾರ ಬಾಗ್ರಾಮ್ ವಾಯುನೆಲೆಯಿಂದ ಅಮೆರಿಕನ್ನರು ಹೊರಟದ್ದು ರಾತ್ರಿ ಹೊತ್ತು. ಹೊಸ ಆಫ್ಘನ್ ಕಮಾಂಡರಿಗೆ ಗೊತ್ತಾದದ್ದು ಅವರು ಹೋದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಕರೆಂಟ್ ಹೋಗಿ, ಕತ್ತಲಲ್ಲಿ ಲೂಟಿಕೋರರು ಒಳನುಗ್ಗಿದ್ದರು. ಇಪ್ಪತ್ತು ವರ್ಷ ಹೆಗಲು ಕೊಟ್ಟ ಜೊತೆಗಾರ ಹೇಳದೆ ಕೇಳದೆ ಎದ್ದುಹೋದ ಸುದ್ದಿ ಚೌಕಿಯಿಂದ ಚೌಕಿಗೆ ತಲುಪಲು ಎಷ್ಟು ಹೊತ್ತು ಬೇಕು?

ಅಷ್ಟೇ ಅಲ್ಲ, ಆ ಸುದ್ದಿಗೆ ಒಂದೂವರೆ ವರ್ಷದ ಹಿಂದೆಯೇ ಪೀಠಿಕೆ ಬಿದ್ದಿತ್ತು. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ತಾಲಿಬಾನಿನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಆಫ್ಘನ್ ಸರ್ಕಾರಕ್ಕೆ ಆ ಮೇಜಿನ ಮುಂದೆ ಕುರ್ಚಿಯೇ ಇರಲಿಲ್ಲ, ಆದರೂ 5,000 ತಾಲಿಬಾನ್ ಕೈದಿಗಳ ಬಿಡುಗಡೆಗೆ ಒಪ್ಪಿಕೊಂಡದ್ದು ಅದರ ಪರವಾಗಿ. ಅದಾದ ಮೇಲೆ ತಾಲಿಬಾನಿಗಳು ಊರ ಹಿರಿಯರನ್ನು ಚೌಕಿಗೆ ಕಳಿಸಿ ಹೇಳಿಸುತ್ತಿದ್ದರು: ಅಮೆರಿಕ ಹೊರಟಿತು, ಬಂದೂಕು ಇಟ್ಟು ಮನೆಗೆ ಹೋಗಿ, ಬಸ್ಸಿನ ಖರ್ಚಿಗೆ ದುಡ್ಡು ನಾವೇ ಕೊಡುತ್ತೇವೆ. ಊಟವಿಲ್ಲ, ಸಂಬಳವಿಲ್ಲ, ಹೆಲಿಕಾಪ್ಟರ್ ಬರದು. ಕಾಬೂಲಿನಲ್ಲಿ ಸೇನಾ ಮುಖ್ಯಸ್ಥರನ್ನೇ ಆಗಸ್ಟ್ 11ರಂದು, ಪತನಕ್ಕೆ ನಾಲ್ಕು ದಿನ ಇರುವಾಗ, ಬದಲಿಸಲಾಯಿತು. ಆ ಸಿಪಾಯಿಯ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?

ರಷ್ಯನ್ನರು ಬಿಟ್ಟುಹೋದಾಗ ಮೂರು ವರ್ಷ

ಆಫ್ಘನ್ನರ ಸ್ವಭಾವವೇ ಹೀಗೆ ಎನ್ನುವವರಿಗೆ ಅದೇ ದೇಶದ ಇತಿಹಾಸದಲ್ಲಿ ಉತ್ತರವಿದೆ. 1989ರ ಫೆಬ್ರವರಿ 15ರಂದು ಸೋವಿಯತ್ ಸೇನೆಯ ಕೊನೆಯ ತುಕಡಿ ಗಡಿ ದಾಟಿ ಹೋಯಿತು. ನಜೀಬುಲ್ಲಾ ಸರ್ಕಾರ ಕೆಲವೇ ವಾರ ಬಾಳುತ್ತದೆ ಎಂದು ಜಗತ್ತೆಲ್ಲ ಭವಿಷ್ಯ ನುಡಿಯಿತು. ಮುಂದಿನ ತಿಂಗಳೇ ಮುಜಾಹಿದೀನ್ ಗುಂಪುಗಳು ಪಾಕಿಸ್ತಾನದ ಬೆಂಬಲದೊಂದಿಗೆ ಜಲಾಲಾಬಾದಿನ ಮೇಲೆ ಬಿದ್ದವು. ಸೋವಿಯತ್ ತರಬೇತಿಯ ಆಫ್ಘನ್ ಸೇನೆ ತಿಂಗಳುಗಟ್ಟಲೆ ಕಾದಾಡಿ ಅವರನ್ನು ಹಿಮ್ಮೆಟ್ಟಿಸಿತು. ಆ ಸರ್ಕಾರ ಮೂರು ವರ್ಷಕ್ಕೂ ಹೆಚ್ಚು ಬಾಳಿತು.

ಏನು ವ್ಯತ್ಯಾಸ? ಆಫ್ಘನ್ ಅಧಿಕಾರಿಗಳು 1950ರ ದಶಕದಿಂದಲೇ ಸೋವಿಯತ್ ಶಾಲೆಗಳಲ್ಲಿ ಕಲಿತಿದ್ದರು. ಟ್ಯಾಂಕು, ಲಾರಿ, ಫಿರಂಗಿಗಳು ಅವರ ಕೈಗೆ ಒಗ್ಗಿದ್ದವು. ಮುಖ್ಯವಾಗಿ, ಸೈನಿಕರು ಹೋದರೂ ಸೋವಿಯತ್ ಒಕ್ಕೂಟದ ಡೀಸೆಲ್, ಗೋಧಿ, ಮದ್ದುಗುಂಡು, ಹಣ ಬರುತ್ತಲೇ ಇದ್ದವು. 1992ರ ಆರಂಭಕ್ಕೆ ಅದು ನಿಂತಿತು. ಕೊಡುವ ದೇಶವೇ ಇಲ್ಲವಾಗಿತ್ತು. ಸಂಬಳ ಕೊಡಲು ದುಡ್ಡಿಲ್ಲದಾಗ ಉತ್ತರದ ದೋಸ್ತುಂ ಪಡೆ ಪಕ್ಷ ಬದಲಿಸಿತು. ಏಪ್ರಿಲ್ ಹೊತ್ತಿಗೆ ಎಲ್ಲ ಮುಗಿಯಿತು.

ದಕ್ಷಿಣ ವಿಯೆಟ್ನಾಂ ಕತೆಯೂ ಇದರ ಪಕ್ಕದ್ದೇ. 1972ರಲ್ಲಿ ಆನ್ ಲಾಕ್ ಪಟ್ಟಣವನ್ನು ಅಮೆರಿಕದ ಬಾಂಬರ್ ವಿಮಾನಗಳ ಬಲದಿಂದ ಉಳಿಸಿಕೊಂಡ ಅದೇ ಸೇನೆ, ವಿಮಾನಗಳೂ ಇಲ್ಲದೆ ನೆರವೂ ಕಡಿತವಾದ ಮೇಲೆ 1975ರ ಏಪ್ರಿಲ್ 30ಕ್ಕೆ ಸೈಗಾನನ್ನು ಕಳೆದುಕೊಂಡಿತು. ಮೂರೂ ಕಡೆ ಸೇನೆ ಕುಸಿದದ್ದು ಪರದೇಶದ ಸೈನಿಕರು ಹೊರಟ ದಿನಕ್ಕಿಂತ ಹೆಚ್ಚಾಗಿ, ಪರದೇಶದ ಉಗ್ರಾಣಕ್ಕೆ ಬೀಗ ಬಿದ್ದ ದಿನವನ್ನು ಅನುಸರಿಸಿ. ಕಾಬೂಲಿನಲ್ಲಿ ಎರಡೂ ಒಟ್ಟಿಗೇ ಆದವು.

ನಮ್ಮದೂ ಪರದೇಶದವರು ಕಟ್ಟಿದ ಸೇನೆಯೇ

ಇಲ್ಲಿ ನಾವು ಒಂದು ಕ್ಷಣ ಕನ್ನಡಿ ನೋಡಿಕೊಳ್ಳಬೇಕು. 1947ರ ಭಾರತೀಯ ಸೇನೆಯೂ ಬ್ರಿಟಿಷರು ತಮ್ಮ ಕೆಲಸಕ್ಕಾಗಿ ಕಟ್ಟಿ, ತಮ್ಮ ಪದ್ಧತಿಯಲ್ಲಿ ತರಬೇತು ಮಾಡಿದ ಸೇನೆ. ದೇಶ ಇಬ್ಭಾಗವಾಗಿ, ಪಲ್ಟನ್‌ಗಳೂ ಹಂಚಿಹೋಗಿ, ಎರಡು ತಿಂಗಳಿಗೇ ಕಾಶ್ಮೀರದಲ್ಲಿ ಯುದ್ಧ. ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಲು ನಾಗರಿಕ ವಿಮಾನಯಾನದ ಡಕೋಟಾಗಳನ್ನೂ ಬಳಸಬೇಕಾಯಿತು. ಆದರೂ ಆ ಸೇನೆ ನಿಂತಿತು. ಯಾಕೆ?

ನಮ್ಮವರು ಹೆಚ್ಚು ಶೂರರು ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಆದರೆ ಉತ್ತರ ಇರುವುದು ಬೇರೆ ಕಡೆ. ಬ್ರಿಟಿಷರ ಕಾಲದಲ್ಲೂ ಆ ಸೇನೆಯ ಸಂಬಳ ಹೋಗುತ್ತಿದ್ದದ್ದು ಭಾರತದ ಖಜಾನೆಯಿಂದ, ನಮ್ಮ ರೈತರ ಕಂದಾಯದಿಂದ. ಅದು ಆಗ ಅನ್ಯಾಯವೇ ಆಗಿತ್ತು. ಆದರೆ ಬ್ರಿಟಿಷರು ಹೊರಟಾಗ ಸಂಬಳ ನಿಲ್ಲಲಿಲ್ಲ. ಗುಂಡು ತಯಾರಾಗುತ್ತಿದ್ದದ್ದು ಇಲ್ಲೇ. ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರದ್ದು. ಅಧಿಕಾರಿಗಳೂ ರಾತ್ರೋರಾತ್ರಿ ತಯಾರಾದವರಲ್ಲ. ಕೊಡಗಿನ ಕೆ.ಎಂ. ಕಾರಿಯಪ್ಪ 1919ರಲ್ಲಿ ಇಂದೋರಿನಲ್ಲಿ ತರಬೇತಿ ಮುಗಿಸಿ ಅಧಿಕಾರಿಯಾದವರು, ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದದ್ದು 1949ರ ಜನವರಿ 15ರಂದು. ನಡುವೆ ಮೂವತ್ತು ವರ್ಷ. 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕ್ ಏರಿಸಿ ಶತ್ರುವನ್ನು ಬೆರಗುಗೊಳಿಸಿದ ಕೆ.ಎಸ್. ತಿಮ್ಮಯ್ಯ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು. ಆದರೆ ಆ ಟ್ಯಾಂಕುಗಳಿಗೆ ದಾರಿ ಕಡಿದುಕೊಟ್ಟದ್ದು ನಮ್ಮ ಮದ್ರಾಸ್ ಸ್ಯಾಪರ್‌ಗಳು, ಬೆಂಗಳೂರೇ ಅವರ ಕೇಂದ್ರ.

ಹಾಗೆಂದು ಎಲ್ಲದರಲ್ಲೂ ನಾವು ತಯಾರಿರಲಿಲ್ಲ. ವಾಯುಪಡೆಗೆ ಮೊದಲ ಭಾರತೀಯ ಮುಖ್ಯಸ್ಥ ಬಂದದ್ದು 1954ರಲ್ಲಿ, ನೌಕಾಪಡೆಗೆ 1958ರಲ್ಲಿ. ಯಂತ್ರ ಹೆಚ್ಚಿದ್ದ ಕಡೆ ಕಲಿಕೆಗೆ ಹೆಚ್ಚು ಕಾಲ ಹಿಡಿಯಿತು. ಆ ಕಾಲವನ್ನು ನಾವು ತೆಗೆದುಕೊಂಡೆವು, ತೆಗೆದುಕೊಳ್ಳುವ ಅವಕಾಶ ನಮಗಿತ್ತು.

ಎರಡು ವಿಮಾನನಿಲ್ದಾಣಗಳ ಕತೆಯನ್ನು ಪಕ್ಕಪಕ್ಕ ಇಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆಫ್ಘನ್ ವಾಯುಪಡೆಗೆಂದು ಅಮೆರಿಕ ಇಟಲಿಯಲ್ಲಿ ತಯಾರಾದ 20 ಹಳೆಯ ಸರಕು ವಿಮಾನ ಕೊಡಿಸಿತು. ಒಟ್ಟು ಖರ್ಚು ಸುಮಾರು 55 ಕೋಟಿ ಡಾಲರ್. ಬಿಡಿಭಾಗ ಸಿಗಲಿಲ್ಲ, ನಿರ್ವಹಣೆ ನಡೆಯಲಿಲ್ಲ. ಕಾಬೂಲಿನಲ್ಲಿ ನಿಂತಲ್ಲೇ ನಿಂತ 16 ವಿಮಾನಗಳನ್ನು 2014ರಲ್ಲಿ ಒಡೆದು ಗುಜರಿಗೆ, ಪೌಂಡಿಗೆ ಆರು ಸೆಂಟಿನಂತೆ ಮಾರಿದರು. ಎಲ್ಲ ಸೇರಿ ಅರ್ಧ ಲಕ್ಷ ಡಾಲರೂ ಬರಲಿಲ್ಲ.

ಇನ್ನೊಂದು ಕತೆ ಕಾನ್ಪುರದ್ದು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಲಿಬರೇಟರ್ ಬಾಂಬರ್‌ಗಳನ್ನು ಯಾರೂ ಬಳಸಬಾರದೆಂದು ಬೇಕೆಂದೇ ಹಾಳುಮಾಡಿ ಅಲ್ಲಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಹೋಗಿ ನೋಡಿದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಶುರುಮಾಡಿದ ಈ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನೇ ರಿಪೇರಿ ಮಾಡಿ ಕೈ ಪಳಗಿತ್ತು. ಇದ್ದುದರಲ್ಲಿ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾಡಿ, ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು ಸರಿಪಡಿಸಿದರು. 1948ರ ಕೊನೆಗೆ ನಮ್ಮ ವಾಯುಪಡೆಯ ಲಿಬರೇಟರ್ ದಳ ತಯಾರಾಯಿತು. ಅವು ಇಪ್ಪತ್ತು ವರ್ಷ ಹಾರಿದವು.

ಎರಡೂ ಕಡೆ ಬಿಟ್ಟುಹೋದದ್ದು ಪರದೇಶದ ವಿಮಾನಗಳೇ. ಕಾನ್ಪುರದ್ದು ಇನ್ನೂ ಕೆಟ್ಟ ಸ್ಥಿತಿಯಲ್ಲಿತ್ತು. ಒಂದು ಕಡೆ ರಿಪೇರಿ ಮಾಡುವ ಕೈ, ಅದಕ್ಕೆ ಸಂಬಳ ಕೊಡುವ ಕಾರ್ಖಾನೆ, ತನಗೆ ಬೇಕೆಂದು ತಾನೇ ತೀರ್ಮಾನಿಸಿದ ಸರ್ಕಾರ ಇತ್ತು. ಇನ್ನೊಂದು ಕಡೆ ಆ ಮೂರೂ ಬೇರೆಯವರವಾಗಿದ್ದವು.

ನಮ್ಮ ಊರುಗಳಲ್ಲಿ ಉಳಿದ ಹುಡುಗರು

ಇದು ದೂರದ ದೇಶದ ಕತೆ ಮಾತ್ರವಲ್ಲ. 2011ರ ಒಪ್ಪಂದದ ನಂತರ ಭಾರತವೂ ಆಫ್ಘನ್ ಸೈನಿಕರ ತರಬೇತಿಯಲ್ಲಿ ದೊಡ್ಡ ಪಾಲುದಾರನಾಗಿತ್ತು. ನಾವಿರುವ ಪುಣೆಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಡೆಹ್ರಾಡೂನಿನ ಸೇನಾ ಅಕಾಡೆಮಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗಳಲ್ಲಿ ಆಫ್ಘನ್ ಕೆಡೆಟ್‌ಗಳು ಕಲಿಯುತ್ತಿದ್ದರು. 2017ರ ಕೊನೆಯಲ್ಲಿ ಆಫ್ಘನ್ ಮಹಿಳಾ ಸೈನಿಕರ ಮೊದಲ ತಂಡ ಚೆನ್ನೈನಲ್ಲಿ ತರಬೇತಿ ಪಡೆಯಿತು. ತಾಲಿಬಾನಿನ ಪ್ರಮುಖ ನಾಯಕ ಶೇರ್ ಮೊಹಮ್ಮದ್ ಅಬ್ಬಾಸ್ ಸ್ಟಾನಿಕ್‌ಝೈ ಕೂಡ 1982ರ ಡೆಹ್ರಾಡೂನ್ ತಂಡದವನೇ, ಜೊತೆಯವರ ಬಾಯಲ್ಲಿ 'ಶೇರು'. ಒಂದೇ ಅಕಾಡೆಮಿಯಲ್ಲಿ ಕಲಿತವರು ಎರಡೂ ಕಡೆ ನಿಲ್ಲಬಲ್ಲರು. ಬಂದೂಕು ಹಿಡಿಯುವುದನ್ನು ಅಕಾಡೆಮಿ ಕಲಿಸುತ್ತದೆ. ಯಾವ ಕಡೆಗೆ ಎಂಬುದನ್ನು ಅವರ ದೇಶವೇ ತೀರ್ಮಾನಿಸಬೇಕು.

ಕಾಬೂಲ್ ಬಿದ್ದಾಗ ಇಂಥ ಸುಮಾರು 80 ಕೆಡೆಟ್‌ಗಳು ಭಾರತದಲ್ಲೇ ಉಳಿದುಬಿಟ್ಟರು. ತರಬೇತಿ ಮುಗಿಯಿತು, ಸೇರಬೇಕಾದ ಸೇನೆಯೇ ಇಲ್ಲ. ಹಿಂತಿರುಗಿದರೆ ಜೀವಕ್ಕೆ ಗ್ಯಾರಂಟಿಯಿಲ್ಲ. 2022ರ ಆರಂಭದಲ್ಲಿ ಭಾರತ ಸರ್ಕಾರ ಅವರಿಗೆ ಒಂದು ವರ್ಷದ ಇಂಗ್ಲಿಷ್ ಕೋರ್ಸಿಗೆ ವ್ಯವಸ್ಥೆ ಮಾಡಿತು. ಸೇನಾಧಿಕಾರಿಯಾಗಲು ಬಂದವರು ವ್ಯಾಕರಣದ ಪುಸ್ತಕ ಹಿಡಿದು ಕೂತರು, ಇಲ್ಲಿ ನೆಲೆಸಲು ಒಂದಿಷ್ಟು ಕಾಲ ಸಿಗಲಿ ಎಂದು. ಹೊಟ್ಟೆಪಾಡಿಗೆ ಪರಊರು ಸೇರಿದ ನಮಗೆ ಊರು ಬಿಟ್ಟ ಬೇಸರ ಗೊತ್ತು. ಆದರೆ ಹಬ್ಬಕ್ಕೆ ರೈಲು ಹತ್ತಿದರೆ ಊರು ಅಲ್ಲೇ ಇರುತ್ತದೆ. ಅವರಿಗೆ ಆ ರೈಲಿಲ್ಲ.

ಮೊನ್ನೆ ಜನವರಿ 15ರ ಸೇನಾ ದಿನದಂದು ಸುಬೇದಾರರ ಮನೆಗೆ ಹೋಗಿದ್ದೆ. ಕಾರಿಯಪ್ಪನವರ ಮಾತು ಬಂತು, ಹಾಗೇ ಕಾಬೂಲಿನದೂ. ಓದಿದ್ದನ್ನೆಲ್ಲ ಹೇಳಿದೆ: ಆಲೂಗಡ್ಡೆ, ಹೆಲಿಕಾಪ್ಟರು, ಝೂಮ್ ಕರೆ. ಅವರು ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು.

"ನಾವು ಲಡಾಖದಾಗ ಇದ್ದಾಗ ಗಾಡಿ ಮೂರು ದಿನ ಹಿಮದಾಗ ಸಿಕ್ಕಿಬಿದ್ದಿತ್ರಿ. ಮ್ಯಾಲೆ ಪೋಸ್ಟಿನ ಹುಡುಗ್ರಿಗೆ ಗೊತ್ತಿತ್ತು, ತಡಾ ಆದ್ರೂ ಬರ್ತಾರ ಅಂತ. ಅದಕ್ಕs ಅವ್ರು ಕುಂತಿದ್ರು. ಆ ಭರವಸಾ ಹೋತಂದ್ರ ಬಂದೂಕು ಎಷ್ಟ್ ಇದ್ದು ಏನ್ ಮಾಡೂದು?"

ಇಷ್ಟು ಹೇಳಿ, ಒಳಗಿದ್ದ ಮೊಮ್ಮಗನನ್ನು ಕರೆದು, ನನಗೆ ಇನ್ನೊಂದು ಕಪ್ ಚಹಾ ತರಲು ಹೇಳಿದರು.